ಗೆಳತಿಯ ಮೈಕ್ ಕೆಟ್ಟಿತು, ನನಗೆ ಖುಷಿಯಾಯಿತು

ಖಾಲಿಹಾಳೆ:

ಹೇಳಿಕೊಳ್ಳೋಕೆ ನಾಚಿಕೆಯಾಗೋ ವಿಷಯ. ಇಲ್ಲಿ ಯಾರಿಗೂ ನನ್ನ ಮುಖ ಗೊತ್ತಿಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದ್ದೀನಿ.

ನಾನು ಕಥೆ ಬರೀತೀನಿ. ನನ್ನ ಗೆಳತಿಯೂ ಕಥೆ ಬರೀತಾಳೆ. 11 ವರ್ಷದಿಂದ ಒಬ್ಬರ ಕರಡು ಇನ್ನೊಬ್ಬರು ತಿದ್ದಿದ್ದೀವಿ. ವಯಸ್ಸು ಹೆಚ್ಚೂಕಡಿಮೆ ಒಂದೇ, ಇಬ್ಬರದೂ ಮೂರ್ಮೂರು ಸಂಕಲನ. ಮೊನ್ನೆ ಒಂದು ಸಾಹಿತ್ಯೋತ್ಸವಕ್ಕೆ ಇಬ್ಬರನ್ನೂ ಕರೆದಿದ್ರು. ಅವಳಿಗೆ ಶನಿವಾರ ಸಂಜೆ, ದೊಡ್ಡ ವೇದಿಕೆ, ಅವಳೊಬ್ಬಳೇ. ನನಗೆ ಭಾನುವಾರ ಬೆಳಗ್ಗೆ 9.30, ಚಿಕ್ಕ ಹಾಲ್, ಐದು ಜನರಲ್ಲಿ ಒಬ್ಬಳು.

ಶನಿವಾರ ಮೊದಲ ಸಾಲಲ್ಲೇ ಕೂತಿದ್ದೆ. ಅವಳೇ ಸೀಟು ಹಿಡಿಸಿದ್ದಳು. ಓದೋಕೆ ಶುರು ಮಾಡಿ ಎರಡನೇ ಪುಟ ತಿರುಗಿಸಿದಳು, ಮೈಕ್ ಹೋಯ್ತು. ತಟ್ಟಿದಳು, ಊದಿದಳು, ಆಮೇಲೆ ಪುಟದ ಗುರುತಿಗೆ ಬೆರಳು ಸಿಕ್ಕಿಸಿಕೊಂಡು ಜನರ ಕಡೆ ನೋಡಿ ನಕ್ಕಳು. ಸೌಂಡ್ ಹುಡುಗ ವೈರಿನ ಸುತ್ತು ಹೆಗಲಿಗೇರಿಸಿಕೊಂಡು ಬಗ್ಗಿ ಬಗ್ಗಿ ಓಡಿಬಂದ. ಎಲ್ಲ ಸೇರಿ ಮೂರು ನಿಮಿಷ ಇರಬಹುದು. ಆ ಮೂರು ನಿಮಿಷ ನನ್ನೆದೆ ಎಷ್ಟು ಹಗುರಾಗಿತ್ತು ಅಂದ್ರೆ, ಪರೀಕ್ಷೆ ಮುಂದಕ್ಕೆ ಹೋಯ್ತು ಅಂತ ಕೇಳಿದ ಹುಡುಗಿ ಥರ.

ಮೈಕ್ ಬಂತು. ಜನ ಎದ್ದು ಚಪ್ಪಾಳೆ ಹೊಡೆದ್ರು. ಮೈಕ್ ಕೆಟ್ಟಿದ್ದರಿಂದಲೇ ಅವಳು ಅವರಿಗೆ ಇನ್ನಷ್ಟು ಹತ್ತಿರವಾದಳು. ಅದಕ್ಕೂ ಹೊಟ್ಟೆ ಉರೀತು.

ಮರುದಿನ ನಮ್ಮ ಗೋಷ್ಠಿಗೆ 30 ಜನ ಬಂದಿದ್ರು. ಏನು ಮಾತಾಡಿದೆ ಅಂತ ನನಗೇ ನೆನಪಿಲ್ಲ.

ನನಗೆ ಅರ್ಥವಾಗದೇ ಇರೋದು ಇದು. ಅದೇ ಉತ್ಸವಕ್ಕೆ ಬಹಳ ದೊಡ್ಡ ಹೆಸರಿನವರೂ ಬಂದಿದ್ರು. ಅವರ ಹಾಲ್ ತುಂಬಿ ಬಾಗಿಲಾಚೆ ಜನ ನಿಂತಿದ್ರು. ಅದನ್ನ ನೋಡಿ ನನಗೆ ಒಂದಿಷ್ಟೂ ಕಸಿವಿಸಿಯಾಗಲಿಲ್ಲ, ನಾನೂ ಹೋಗಿ ನಿಂತೆ. ಇವಳ ಮೇಲೇ ಯಾಕೆ?

ಕರಡಪ್ಪ:

ಆಗೋದು ಎಲ್ಲರಿಗೂ. ಬರೆದುಕೊಂಡವರು ನೀವೊಬ್ಬರೇ.

ಹಳಗನ್ನಡಿಗ:

ನಮ್ಮ ಕಾವ್ಯಗಳಲ್ಲಿ ಇದಕ್ಕೆ ಅಂತಲೇ ಜಾಗ ಬಿಟ್ಟಿದ್ರು ಮೇಡಂ. ಪೀಠಿಕೆಯಲ್ಲಿ ದೇವರ ಸ್ತುತಿ, ಪೂರ್ವಕವಿಗಳ ಸ್ತುತಿ, ಜೊತೆಗೆ ಕುಕವಿನಿಂದೆ, ಅಂದ್ರೆ ಕೆಟ್ಟ ಕವಿಗಳನ್ನ ಬೈಯೋದು. ಸ್ತುತಿ ಸತ್ತವರಿಗೆ, ನಿಂದೆ ಬದುಕಿರೋರಿಗೆ. ಹೆಸರು ಹಾಕ್ತಿರಲಿಲ್ಲ, ಕೇಳೋರಿಗೆ ಯಾರು ಅಂತ ತಿಳೀತಿತ್ತು ಅಂತ ನನ್ನ ಗುಮಾನಿ.

ರನ್ನ ತನ್ನ ಕೃತಿಯನ್ನ ಹಾವಿನರಸನ ಹೆಡೆಯ ರತ್ನದ ಪಕ್ಕದಲ್ಲಿಟ್ಟು, ಇದನ್ನ ಪರೀಕ್ಷೆ ಮಾಡೋನಿಗೆ ಎಂಟೆದೆ ಇದೆಯಾ ಅಂತ ಕೇಳಿಬಿಟ್ಟ. ಕುಮಾರವ್ಯಾಸ ಬಂದು, ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದ, ಆ ಕಥೇಲಿ ಕಾಲಿಡೋಕೂ ತೆರಪಿಲ್ಲ ಅಂದ. ಇಬ್ಬರಿಗೂ ಹಾವೇ ಬೇಕಾಯ್ತು ನೋಡಿ, ಮತ್ಸರಕ್ಕೆ ಅದಕ್ಕಿಂತ ಒಳ್ಳೇ ಪ್ರಾಣಿ ಸಿಗಲಿಲ್ಲವೇನೋ.

ಈಗಿನ ಪುಸ್ತಕದಲ್ಲಿ ಕೃತಜ್ಞತೆಯ ಪುಟ ಉಳಿದಿದೆ, ನಿಂದೆಯ ಪುಟ ಹೋಯ್ತು. ಅಲ್ಲಿ ಬರೆಯೋಕಾಗದ್ದು ಮೈಕ್ ಕೆಟ್ಟಾಗ ಎದೆಯಲ್ಲಿ ಏಳುತ್ತೆ.

ಟೇಬಲ್ ನಾಲ್ಕು:

ನಾನು ಬರೆಯೋಳಲ್ಲ. ಮೂರು ವರ್ಷ ಸ್ವಯಂಸೇವಕಿಯಾಗಿ ಲೇಖಕರು ಹಸ್ತಾಕ್ಷರ ಹಾಕೋ ಮೇಜಿನ ಹತ್ತಿರ ನಿಂತಿದ್ದೀನಿ. ಕ್ಯೂನಲ್ಲಿರೋರ ಹೆಸರನ್ನ ಚೀಟೀಲಿ ಬರೆದು ಪುಸ್ತಕದೊಳಗೆ ಅಂಟಿಸೋದು ನನ್ನ ಕೆಲಸ. ಲೇಖಕರು ಪ್ರತಿಯೊಬ್ಬರಿಗೂ 'ನಿಮ್ಮ ಹೆಸರು?' ಅಂತ ಕೇಳೋದು ತಪ್ಪಲಿ ಅಂತ.

ಒಂದು ಸಲ ಇಬ್ಬರು ಲೇಖಕರನ್ನ ಅಕ್ಕಪಕ್ಕ ಕೂರಿಸಿದ್ರು. ಎಡಗಡೆಯವರ ಕ್ಯೂ ಬಾಗಿಲು ದಾಟಿ ಹೋಗಿತ್ತು. ಬಲಗಡೆಯವರ ಮುಂದೆ ನಾಲ್ಕು ಜನ. ಆ ನಾಲ್ವರಲ್ಲಿ ಒಬ್ಬರು ಬಂದಿದ್ದು ಪೆನ್ನು ಕೇಳೋಕೆ, ಎಡಗಡೆಯವರ ಪುಸ್ತಕಕ್ಕೆ. ಬಲಗಡೆಯವರು ಏನ್ ಮಾಡಿದ್ರು ಗೊತ್ತಾ? ಉಳಿದ ಮೂವರಿಗೆ ಅರ್ಧರ್ಧ ಪುಟ ಬರೆದುಕೊಟ್ರು. ಓದುಗರ ಕೆಲಸ, ಮನೆ, ಮಕ್ಕಳು ಎಲ್ಲ ವಿಚಾರಿಸಿ, ನಿಧಾನವಾಗಿ, ತಾರೀಖು ಅಕ್ಷರದಲ್ಲಿ ಬರೆದು. ಮೇಜು ಖಾಲಿಯಾಗಬಾರದು ಅಷ್ಟೇ. ನನಗೆ ಗಂಟಲು ಕಟ್ಟಿದಂಗಾಯ್ತು. ಎಡಗಡೆಯ ಕ್ಯೂನ ಸ್ವಲ್ಪ ತಿರುಗಿಸಿ ಅವರ ಮೇಜಿನ ಮುಂದಿಂದ ಹಾಯೋ ಹಾಗೆ ಮಾಡಿದೆ. ನಿಂತು ನಿಂತು ಬೇಜಾರಾದೋರು ಅವರ ಪುಸ್ತಕ ಎತ್ತಿ ನೋಡೋಕೆ ಶುರು ಮಾಡಿದ್ರು, ಏಳು ಪ್ರತಿ ಹೋಯ್ತು. ಅವರು ನನ್ನ ಕಡೆ ನೋಡಿದ ನೋಟ ಥ್ಯಾಂಕ್ಸ್ ಹೇಳೋ ಥರ ಇರಲಿಲ್ಲ.

ಇನ್ನೊಂದು. ಎಡಗಡೆಯವರು ಎರಡು ಗಂಟೆ ಹೊತ್ತು ಒಂದೇ ಒಂದು ಸಲವೂ ಬಲಕ್ಕೆ ತಿರುಗಲಿಲ್ಲ. ಎಲ್ಲ ಮುಗಿದು ಕೈ ಕೊಡವಿಕೊಳ್ತಾ ನನ್ನ ಕಿವೀಲಿ ಕೇಳಿದ್ರು: "ಅವರದ್ದೆಷ್ಟು ಹೋಯ್ತು?"

ಮೂರನೇ ಬಹುಮಾನ:

'ಉತ್ಸವಗಳಿಂದಲೇ ಸಾಹಿತ್ಯ ಕೆಟ್ಟಿದ್ದು' ಅಂತ ಯಾರಾದ್ರೂ ಶುರು ಮಾಡೋ ಮುಂಚೆ ಹೇಳಿಬಿಡ್ತೀನಿ. ಗ್ರೀಕ್ ದುರಂತ ನಾಟಕಗಳು ಹುಟ್ಟಿದ್ದೇ ಸ್ಪರ್ಧೆಗೆ. ಅಥೆನ್ಸಿನ ಡಯೋನೀಸಿಯಾ ಹಬ್ಬದಲ್ಲಿ ವರ್ಷಕ್ಕೆ ಮೂವರು ನಾಟಕಕಾರರು, ತಲಾ ಮೂರು ದುರಂತ ನಾಟಕ, ಒಂದು ಸ್ಯಾಟಿರ್ ನಾಟಕ, ಅಂದ್ರೆ ಕೊನೆಗೊಂದು ನಗೆಯಾಟ. ಹತ್ತು ಬುಡಕಟ್ಟಿನಿಂದ ಒಬ್ಬೊಬ್ಬರಂತೆ ಹತ್ತು ತೀರ್ಪುಗಾರರು, ಅವರನ್ನೂ ಚೀಟಿ ಎತ್ತಿ ಆರಿಸೋದು. ಆಮೇಲೆ ಪಾತ್ರೆಗೆ ಬಿದ್ದ ಎಲ್ಲ ಹತ್ತು ಮತ ಎಣಿಸೋದೂ ಇಲ್ಲ, ಅದರಲ್ಲೂ ಕೆಲವನ್ನ ಮಾತ್ರ ಚೀಟಿ ಥರ ಎತ್ತೋದು. ಸೋತವನಿಗೆ 'ನನ್ನ ಮತ ಪಾತ್ರೆಯಲ್ಲೇ ಉಳೀತು' ಅಂದುಕೊಂಡು ಮಲಗೋ ಅವಕಾಶ ಇತ್ತು. ಈಗಿನ ಬಹುಮಾನ ಸಮಿತಿಗಳು ಆ ಕರುಣೆ ತೋರಿಸಲ್ಲ.

ಕ್ರಿ.ಪೂ. 431ರಲ್ಲಿ ಯೂರಿಪಿಡೀಸ್ 'ಮೀಡಿಯಾ' ಅನ್ನೋ ದುರಂತ ನಾಟಕ ತಗೊಂಡು ಬಂದ. ಮೂವರಲ್ಲಿ ಮೂರನೆಯವನಾದ. ಎರಡನೆಯವನು ಸೋಫೋಕ್ಲಿಸ್. ಮೊದಲನೆಯವನು ಯೂಫೋರಿಯಾನ್, ಹಿರಿಯ ನಾಟಕಕಾರ ಈಸ್ಕಿಲಸ್‌ನ ಮಗ. ಈ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ?

ಅದಕ್ಕೂ ಮುಂಚೆ ಕ್ರಿ.ಪೂ. 468ರಲ್ಲಿ ಹೊಸಬ ಸೋಫೋಕ್ಲಿಸ್ ಹಳೇ ಹುಲಿ ಈಸ್ಕಿಲಸ್‌ನನ್ನೇ ಸೋಲಿಸಿದ. ಮುದುಕ ಮುನಿಸಿಕೊಂಡು ಊರೇ ಬಿಟ್ಟು ಸಿಸಿಲಿಗೆ ಹೋದ.

ಅಡಿಟಿಪ್ಪಣಿ:

ಮೇಲಿನವರಿಗೆ ಸಣ್ಣ ತಿದ್ದುಪಡಿ. ಸಿಸಿಲಿ ಕಥೆ ಹೇಳೋದು ಪ್ಲುಟಾರ್ಕ್ ಅನ್ನೋ ಗ್ರೀಕ್ ಲೇಖಕ, ಐನೂರು ವರ್ಷಕ್ಕೂ ಹೆಚ್ಚು ಆದ ಮೇಲೆ. ದಾಖಲೆ ಪ್ರಕಾರ ಮರುವರ್ಷ 467ರಲ್ಲೇ ಈಸ್ಕಿಲಸ್ ಮತ್ತೆ ಮೊದಲ ಬಹುಮಾನ ಗೆದ್ದಿದ್ದಾನೆ. ಮುನಿಸಿಕೊಂಡಿದ್ದರೂ ಅಲ್ಲೇ ಕೂತು ಬರೀತಿದ್ದ ಅಂತ ಕಾಣುತ್ತೆ. ಸೋತವರು ಗಂಟುಮೂಟೆ ಕಟ್ಟಿದ ಕಥೆ ಕೇಳೋಕೆ ರುಚಿ, ಅದಕ್ಕೇ ಉಳೀತು.

ಈಗ ಮೂಲ ಪ್ರಶ್ನೆಗೆ. 'ಇವಳ ಮೇಲೇ ಯಾಕೆ' ಅಂದ್ರಲ್ಲ, ಅದನ್ನ ಅಮೆರಿಕದ ಮನಃಶಾಸ್ತ್ರಜ್ಞ ಏಬ್ರಹಾಂ ಟೆಸರ್ ಪ್ರಯೋಗ ಮಾಡಿಯೇ ನೋಡಿದ್ದಾರೆ. 1980ರಲ್ಲಿ, ಸ್ಮಿತ್ ಅನ್ನೋ ಸಹೋದ್ಯೋಗಿ ಜೊತೆ. ಪದ ಊಹಿಸೋ ಆಟ. ಸುಳಿವು ಕೊಡೋದು ನೀವು, ಊಹಿಸೋದು ಒಮ್ಮೆ ನಿಮ್ಮ ಸ್ನೇಹಿತ, ಒಮ್ಮೆ ಅಪರಿಚಿತ. 'ಇದು ಬರೀ ಆಟ' ಅಂದಾಗ ಜನ ಸ್ನೇಹಿತನಿಗೆ ಸುಲಭದ ಸುಳಿವು ಕೊಟ್ರು. 'ಇದು ಮುಖ್ಯವಾದ ಭಾಷಾ ಸಾಮರ್ಥ್ಯದ ಪರೀಕ್ಷೆ' ಅಂದಾಗ ಲೆಕ್ಕ ತಿರುಗಿಬಿತ್ತು. ಅಪರಿಚಿತನಿಗಿಂತ ಸ್ನೇಹಿತನಿಗೇ ಕಷ್ಟದ ಸುಳಿವು.

ನಿಮ್ಮ ಗೆಳತಿ ಚಿತ್ರ ಬರೆಯೋಳಾಗಿದ್ರೆ ಆ ಸಂಜೆ ಸೌಂಡ್ ಹುಡುಗನಿಗಿಂತ ಮುಂಚೆ ನೀವೇ ಓಡ್ತಿದ್ರಿ. ಅವಳ ಗೆಲುವಲ್ಲಿ ನಿಮಗೂ ಪಾಲಿರ್ತಿತ್ತು. ಕಥೆಯಾದ್ದರಿಂದ ಅದು ನಿಮ್ಮ ಅಳತೆಗೋಲಾಯ್ತು. ಆ ದೊಡ್ಡ ಹೆಸರಿನವರು ಅಳತೆಗೇ ಸಿಗಲ್ಲ, ಹಾಗಾಗಿ ನೆಮ್ಮದಿಯಾಗಿ ಅಭಿಮಾನಿ ಆಗಬಹುದು.

ಕರಡಪ್ಪ:

ಅಂದ್ರೆ 11 ವರ್ಷ ಒಬ್ಬರಿಗೊಬ್ಬರು ಕರಡು ತಿದ್ದಿದ್ದರಲ್ಲೂ...? ಬೇಡ, ಆ ಯೋಚನೆ ಬೇಡ.

ಖಾಲಿಹಾಳೆ:

@ಕರಡಪ್ಪ ನೀವು ನಿಲ್ಲಿಸಿದ್ರಿ, ನನಗೆ ನಿಲ್ಲಿಸೋಕೆ ಆಗ್ತಿಲ್ಲ. ಅವಳ ಎರಡನೇ ಸಂಕಲನದ ಒಂದು ಕಥೆಗೆ ಕೊನೇ ಪ್ಯಾರಾ ಬೇಡ ಅನ್ನಿಸಿತ್ತು. ಹೇಳಲಿಲ್ಲ. ಆಗ ಮರೆತೆ ಅಂದುಕೊಂಡಿದ್ದೆ.

ನೀರಿನಬಾಟಲಿ:

ಗೋಷ್ಠಿ ನಿರ್ವಹಣೆ ಮಾಡೋನು ನಾನು. ವೇದಿಕೆ ಮೇಲೆ ನೀರಿನ ಬಾಟಲಿ ನಂತರದ ಸ್ಥಾನ ನನ್ನದು, ಅದಕ್ಕೇ ಈ ಹೆಸರು.

ಐವರ ಗೋಷ್ಠಿ ಅಂದ್ರೆ ಲೆಕ್ಕ ಹೀಗೆ. 60 ನಿಮಿಷ. ಪರಿಚಯಕ್ಕೆ 5, ಸಭಿಕರ ಪ್ರಶ್ನೆಗೆ 10. ಉಳಿದ 45ರಲ್ಲಿ ತಲಾ 9. ಮೊದಲನೆಯವರು 14 ತಗೋತಾರೆ. 'ಸಂಕ್ಷಿಪ್ತವಾಗಿ ಹೇಳ್ತೀನಿ' ಅಂದೋರು 12. ಕೊನೆಯವರ ಪಾಲಿಗೆ ಉಳಿಯೋದು ನಾಲ್ಕೋ ಐದೋ, ಅದರಲ್ಲೂ ಒಂದು ನಿಮಿಷ 'ಸಮಯ ಇಲ್ಲವಾದ್ದರಿಂದ' ಅನ್ನೋದಕ್ಕೆ. ನಾನು ಚೀಟಿ ತಳ್ತೀನಿ. ಚೀಟಿ ಓದಿ, ಮಡಚಿ, ಜೇಬಿಗಿಟ್ಟುಕೊಂಡು ಮುಂದುವರಿಸಿದವರನ್ನ ನೋಡಿದ್ದೀನಿ.

ವೇದಿಕೆ ಮೇಲೆ ಯಾರೂ ಜಗಳ ಆಡಲ್ಲ, ತಪ್ಪು ತಿಳಿಯಬೇಡಿ. ಎಲ್ಲ ಬೆಣ್ಣೇಲಿ ಕೂದಲು ತೆಗೆದ ಹಾಗೆ. 'ನನ್ನ ಆತ್ಮೀಯ ಮಿತ್ರರ ಮಾತಿಗೆ ಸ್ವಲ್ಪ ಸೇರಿಸ್ತೀನಿ' ಅಂದ್ರೆ ಆ ಮಾತು ಇನ್ನು ಉಳಿಯಲ್ಲ. 'ಇವರು ತುಂಬ ಜನಪ್ರಿಯರು' ಅಂತ ಒತ್ತಿ ಹೇಳಿದ್ರೆ ಅದು ಬೈಗುಳ. 'ಅವರ ಮೊದಲ ಪುಸ್ತಕ ಅದ್ಭುತ' ಅಂದ್ರೆ ಆಮೇಲೆ ಬಂದ ಆರೂ ಕಸ. ನನಗೆ ಹೆಚ್ಚು ಖುಷಿ ಕೊಟ್ಟಿದ್ದು ಒಬ್ಬ ಹಿರಿಯರು. ಪಕ್ಕದವರು ಓದುವಾಗ ತಮ್ಮ ಕನ್ನಡಕ ತೆಗೆದು ಒರೆಸ್ತಾ ಕೂತಿದ್ರು. ಒಂದು ಸಾಲು ಬಂತು, ಒರೆಸೋ ಕೈ ನಿಂತಿತು. ಕನ್ನಡಕ ಹಾಕಿಕೊಂಡು ಮುಖ ಅತ್ತ ತಿರುಗಿಸಿದ್ರು. ಅವರಿಬ್ಬರಿಗೂ ಇಪ್ಪತ್ತು ವರ್ಷದಿಂದ ಮಾತಿರಲಿಲ್ಲ, ಅವತ್ತೂ ಮಾತಾಡಲಿಲ್ಲ.

ಇನ್ನೊಂದು ಗುರುತು ಹೇಳ್ತೀನಿ. ಬರಹಗಾರರು ತಮ್ಮ ಗೋಷ್ಠಿಗೆ ಬಂದವರನ್ನ ಅಂದಾಜಿನಲ್ಲಿ ಹೇಳ್ತಾರೆ, ಯಾವಾಗಲೂ ಸ್ವಲ್ಪ ಏರಿಸಿ. ತಲೆ ಎಣಿಸೋದು ಬೇರೆಯವರ ಗೋಷ್ಠಿಯಲ್ಲಿ. ತುಟಿ ಅಲ್ಲಾಡ್ತಿರುತ್ತೆ, ನೋಡಿ.

ಗೋದಾಮು:

ಪುಸ್ತಕ ವ್ಯಾಪಾರದ ಕಡೆಯವನು. ಎಲ್ಲರೂ ಇದನ್ನ ಕಾಯಿಲೆ ಥರ ಮಾತಾಡ್ತಿದ್ದೀರಿ. ವೈರತ್ವ ಇಲ್ಲದಿದ್ರೆ ಅರ್ಧ ಉತ್ಸವಗಳಿಗೆ ಪತ್ರಿಕೆಯವರೇ ಬರಲ್ಲ. ಇಂಗ್ಲಿಷ್ ಲೇಖಕರಾದ ವಿ.ಎಸ್. ನೈಪಾಲ್ ಮತ್ತು ಪಾಲ್ ಥರೂ ಜೋಡಿ ನೋಡಿ. 1966ರಲ್ಲಿ ಉಗಾಂಡದಲ್ಲಿ ಶುರುವಾದ ಗುರುಶಿಷ್ಯ ಸ್ನೇಹ. ಶಿಷ್ಯ ಥರೂ ಹಸ್ತಾಕ್ಷರ ಹಾಕಿ ನೈಪಾಲರಿಗೆ ಕೊಟ್ಟ ಪುಸ್ತಕ ಹಳೇ ಪುಸ್ತಕದ ಕ್ಯಾಟಲಾಗಿನಲ್ಲಿ ಮಾರಾಟಕ್ಕೆ ಕಾಣಿಸಿಕೊಂಡಿತು. ಮುಗೀತು. ಶಿಷ್ಯ 1998ರಲ್ಲಿ ಗುರುವಿನ ಮೇಲೆ ಒಂದು ಇಡೀ ಪುಸ್ತಕವೇ ಬರೆದ. 2011ರಲ್ಲಿ ಬ್ರಿಟನ್ನಿನ ಹೇ ಸಾಹಿತ್ಯೋತ್ಸವದಲ್ಲಿ ಇಬ್ಬರೂ ಎದುರಾದ್ರು, ಕಾದಂಬರಿಕಾರ ಇಯಾನ್ ಮೆಕ್‌ಯೂವನ್ ಹುರಿದುಂಬಿಸಿದ ಮೇಲೆ ಥರೂ ಹೋಗಿ ಕೈ ಕುಲುಕಿದ. ಆ ವರ್ಷ ಅಲ್ಲಿ ಯಾರು ಏನು ಓದಿದ್ರು ಅಂತ ನನಗೆ ನೆನಪಿಲ್ಲ, ಕೈ ಕುಲುಕಿದ ಫೋಟೋ ನೆನಪಿದೆ. 2015ರಲ್ಲಿ ಜೈಪುರದಲ್ಲಿ ಥರೂ ವೇದಿಕೆ ಮೇಲಿಂದ ನೈಪಾಲರ 'ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್' ಹೊಗಳಿದಾಗ ಮುದುಕರು ಅತ್ತೇಬಿಟ್ರು.

ಕೆರಿಬಿಯನ್ ಕವಿ ಡೆರೆಕ್ ವಾಲ್ಕಾಟ್ ಅಂತೂ 2008ರಲ್ಲಿ ಜಮೈಕಾದ ಕ್ಯಾಲಬ್ಯಾಷ್ ಉತ್ಸವದಲ್ಲಿ ಇದೇ ನೈಪಾಲರನ್ನ ಮುಂಗುಸಿ ಮಾಡಿ ಒಂದು ಪದ್ಯ ಬರೆದು ಓದಿದ್ರು. ಇಬ್ಬರೂ ನೊಬೆಲ್ ತಗೊಂಡಿದ್ದೋರು, ಆದ್ರೂ.

ಹಳಗನ್ನಡಿಗ:

ನಾವು ಹಾವು ಅಂದ್ವಿ, ಅವರು ಮುಂಗುಸಿ ತಂದ್ರು. ಸರಿಹೋಯ್ತು.

ಅಡಿಟಿಪ್ಪಣಿ:

@ಗೋದಾಮು ಅಣ್ಣ, ಜಗಳ ಬೇರೆ, ಇದು ಬೇರೆ. ಜಗಳಕ್ಕೆ ಕಾರಣ ಹೇಳಬಹುದು: ಪುಸ್ತಕ ಮಾರಿದ, ಕೆಟ್ಟ ವಿಮರ್ಶೆ ಬರೆದ. ಖಾಲಿಹಾಳೆ ಅವರಿಗೆ ಗೆಳತಿ ಏನೂ ಮಾಡಿಲ್ಲ. ಸೀಟು ಹಿಡಿಸಿಕೊಟ್ಟಿದ್ದಾಳೆ. ಅದೇ ಕಷ್ಟ. ಇದಕ್ಕೆ ಫೋಟೋನೂ ಇಲ್ಲ, ಕೈ ಕುಲುಕೋಕೂ ಬರಲ್ಲ.

ಗೋದಾಮು:

ಒಪ್ಪಿದೆ. ಆದ್ರೂ ಫೋಟೋ ಇದ್ರೆ ಪುಸ್ತಕ ಹೋಗುತ್ತೆ.

ಆ ಇನ್ನೊಂದು ಹೆಸರು:

ಅನುವಾದಕಿ. ನನ್ನ ಮೇಲೆ ಯಾರಿಗೂ ಹೊಟ್ಟೆಕಿಚ್ಚಿಲ್ಲ, ಯಾಕಂದ್ರೆ ವೇದಿಕೆ ಮೇಲೆ ನನಗೆ ಕುರ್ಚಿ ಇರಲ್ಲ. ಮೂಲ ಲೇಖಕರು 'ಭಾಷೆಯ ಲಯ'ದ ಬಗ್ಗೆ ಸಿಕ್ಕ ಪ್ರಶ್ನೆಗೆ ಹತ್ತು ನಿಮಿಷ ಉತ್ತರಿಸಿದ್ರು. ಓದುಗರು ಕೇಳಿದ್ದು ನಾನು ಬರೆದ ಲಯವನ್ನ. ನಾಲ್ಕನೇ ಸಾಲಲ್ಲಿ ಕೂತು ಚಪ್ಪಾಳೆ ಹೊಡೆದೆ. ಇಷ್ಟೇ, ಮುಂದುವರಿಸಿ.

ವೇಳಾಪಟ್ಟಿ:

ಸಂಘಟನೆಯಲ್ಲಿ ಬಹಳ ವರ್ಷ ಇದ್ದೆ, ಈಗ ಬಿಟ್ಟಿದ್ದೀನಿ, ಹಾಗಾಗಿ ನಿಜ ಹೇಳಬಹುದು. ಬರಹಗಾರರು ವೇಳಾಪಟ್ಟಿಯನ್ನ ಕಾವ್ಯ ಓದೋ ಹಾಗೆ ಓದ್ತಾರೆ. ಪ್ರತಿ ಸಾಲಿಗೂ ಧ್ವನಿ, ಪ್ರತಿ ಜಾಗಕ್ಕೂ ಶ್ಲೇಷೆ. ನಾವು ಅದನ್ನ ಮಾಡೋದು ರಾತ್ರಿ ಒಂದು ಗಂಟೆಗೆ, ವಿಮಾನದ ಟಿಕೆಟ್ ಮುಂದಿಟ್ಟುಕೊಂಡು. ಭಾನುವಾರ 9.30ಕ್ಕೆ ಹಾಕಿದ್ದು ಅಂದ್ರೆ ಐವರಲ್ಲಿ ಒಬ್ಬರು 12ಕ್ಕೆ ಹೊರಡಬೇಕಿತ್ತು ಅಂತ. ಚಿಕ್ಕ ಹಾಲ್ ಯಾಕೆ? ಐದು ಕುರ್ಚಿ, ಐದು ಮೈಕ್ ಆಗಲೇ ಅಲ್ಲಿ ಜೋಡಿಸಿತ್ತು ಅಂತ. ನಿಮ್ಮ ಸಾಹಿತ್ಯದ ಬಗ್ಗೆ ನಮಗೆ ಯಾವ ಅಭಿಪ್ರಾಯವೂ ಇರಲಿಲ್ಲ ಮೇಡಂ, ಬೇಜಾರು ಮಾಡ್ಕೋಬೇಡಿ.

ಇದನ್ನ ಒಬ್ಬ ಕವಿಗೆ ಮುಖಕ್ಕೇ ಹೇಳಿದ್ದೆ. ನಾನು ಅವಮಾನ ಮಾಡಿದ್ದಕ್ಕಿಂತ ಅವಮಾನ ಮಾಡೋ ಉದ್ದೇಶ ಇರಲಿಲ್ಲ ಅನ್ನೋದೇ ಅವರಿಗೆ ಹೆಚ್ಚು ನೋವು ಕೊಡ್ತು.

ಟೇಬಲ್ ನಾಲ್ಕು:

ಸರ್, ಪೋಸ್ಟರಲ್ಲಿ ಕೆಲವರ ಫೋಟೋ ತಟ್ಟೆಯಷ್ಟು, ಕೆಲವರದ್ದು ಗುಂಡಿಯಷ್ಟು ಇರುತ್ತಲ್ಲ. ಅದಕ್ಕೂ ವಿಮಾನವೇ ಕಾರಣವಾ?

ವೇಳಾಪಟ್ಟಿ:

ಅದಕ್ಕೆ ಪ್ರಾಯೋಜಕರು ಕಾರಣ. ಸಿಕ್ಕಿಬಿದ್ದೆ, ಬಿಡಿ.

ಮೂರನೇ ಬಹುಮಾನ:

ಇಂಗ್ಲಿಷ್ ಕಾದಂಬರಿಕಾರ ಆಂಟನಿ ಬರ್ಜೆಸ್ ಮಾಡಿದ್ದೇ ಸರಿ. 1980ರಲ್ಲಿ ಬೂಕರ್ ಅಂತಿಮ ಪಟ್ಟಿಯಲ್ಲಿ ಅವರೂ ವಿಲಿಯಂ ಗೋಲ್ಡಿಂಗ್ ಕೂಡ ಇದ್ರು. ಗೆದ್ದಿದ್ದೀನಿ ಅಂತ ಮುಂಚೆಯೇ ಹೇಳಿದ್ರೆ ಮಾತ್ರ ಸಮಾರಂಭಕ್ಕೆ ಬರ್ತೀನಿ ಅಂದ್ರು ಬರ್ಜೆಸ್. ಹೇಳಲಿಲ್ಲ, ಬರಲಿಲ್ಲ. ಬಹುಮಾನ ಗೋಲ್ಡಿಂಗ್‌ಗೆ ಹೋಯ್ತು. ಕ್ಯಾಮೆರಾ ಮುಂದೆ ನಗು ಹಿಡಿದುಕೊಂಡು ಕೂರೋ ಶಿಕ್ಷೆ ಆದ್ರೂ ತಪ್ಪಿತು.

ನೀರಿನಬಾಟಲಿ:

@ಖಾಲಿಹಾಳೆ ನಾಲ್ಕು ದಿನದಿಂದ ನೀವು ಕಾಣಿಸ್ತಿಲ್ಲ. ಹೆದರಿಸಿಬಿಟ್ವಾ?

ಖಾಲಿಹಾಳೆ:

ಇಲ್ಲ ಸರ್, ಎಲ್ಲ ಓದ್ತಿದ್ದೆ. ಆ ಸುಳಿವಿನ ಪ್ರಯೋಗ ಎರಡು ರಾತ್ರಿ ನಿದ್ದೆ ಕೆಡಿಸಿತು. ಮೂರನೇ ದಿನ ಅವಳಿಗೆ ಫೋನ್ ಮಾಡಿದೆ. ಮೊದಲು ಆ ಹಳೇ ಕಥೆಯ ಕೊನೇ ಪ್ಯಾರಾ ವಿಷಯ ಹೇಳಿದೆ. ಅವಳು ಪುಸ್ತಕ ತಂದು ಫೋನಲ್ಲೇ ಓದಿ ನೋಡಿದಳು. 'ಹೌದು ಕಣೇ, ಬೇಡವಾಗಿತ್ತು' ಅಂದಳು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ವಿ. ಆಮೇಲೆ ಮೈಕ್ ವಿಷಯ ತೆಗೆದೆ, ಹೇಗೆ ಹೇಳಬೇಕು ಅಂತ ತಡವರಿಸ್ತಿದ್ದೆ.

'ಗೊತ್ತು. ಸ್ಟೇಜಿಂದ ಮೊದಲ ಸಾಲು ಚೆನ್ನಾಗಿ ಕಾಣುತ್ತೆ' ಅಂದಳು.

ನನ್ನ ಕೈಕಾಲು ತಣ್ಣಗಾಯ್ತು. ಏನಾದ್ರೂ ಹೇಳಬೇಕಲ್ಲ ಅಂತ, 'ನನ್ನದೇನು ಬಿಡು, ನಮ್ಮ ಗೋಷ್ಠಿಗೆ ಬಂದಿದ್ದೇ ಒಂದು 30 ಜನ, ನೀನೂ ಬರಲಿಲ್ಲ' ಅಂದೆ.

'ಬಂದಿದ್ದೆ. ಹಿಂದಿನ ಬಾಗಿಲ ಹತ್ರ ನಿಂತಿದ್ದೆ. 30 ಅಲ್ಲ, 26.'